ಹಗಲು ಬೆಳ್ಳಗಿದ್ದರೆ ಸಾಲದು

ಇಂಡಿ ಕಡೆಯಿಂದ ಪುಣೆಗೆ ಬಂದು ರಸ್ತೆಗೆ ಪಟ್ಟಿ ಹಾಕುವ ಕೆಲಸ ಹಿಡಿದು ಹನ್ನೊಂದು ವರ್ಷವಾಯಿತು. ನನ್ನ ತಂಡದ ಹುಡುಗರೂ ಹೆಚ್ಚಿನವರು ವಿಜಯಪುರ, ಕಲಬುರಗಿಯವರೇ.

ನಾವು ಬಳಸುವುದು ಥರ್ಮೋಪ್ಲಾಸ್ಟಿಕ್, ಅಂದರೆ ಕಾಯಿಸಿದರೆ ಕರಗಿ ಆರಿದರೆ ಗಟ್ಟಿಯಾಗುವ ಬಣ್ಣದ ಪುಡಿ. ಪುಡಿಯನ್ನು ಬಾಯ್ಲರಿಗೆ ಸುರಿದು 180ರಿಂದ 200 ಡಿಗ್ರಿ ಕಾಯಿಸಿ ಕಲಕುತ್ತಲೇ ಇರಬೇಕು. ಅತಿಯಾಗಿ ಕಾದರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ, ಕಾವು ಸಾಲದಿದ್ದರೆ ರಸ್ತೆಗೆ ಕಚ್ಚುವುದಿಲ್ಲ. ಕಾಂಕ್ರೀಟ್ ರಸ್ತೆಗಂತೂ ಮೊದಲು ಪ್ರೈಮರ್, ಅಂದರೆ ಪಟ್ಟಿ ಕಚ್ಚಿಕೊಳ್ಳಲು ಬೇಕಾದ ತೆಳು ದ್ರವ, ಬಳಿಯಲೇಬೇಕು. ನೆಲ ಹಸಿ ಇದ್ದರೆ ಕೆಲಸ ಮುಟ್ಟುವುದೇ ಇಲ್ಲ.

ಆದರೆ ಪಟ್ಟಿಯ ಜೀವ ಇರುವುದು ಗಾಜಿನ ಮಣಿಯಲ್ಲಿ. ರವೆಯಷ್ಟು ಸಣ್ಣ ಮಣಿಗಳು. ಪುಡಿಯೊಳಗೆ ಬೆರೆತವು ಪಟ್ಟಿ ಸವೆದಂತೆ ಹೊರಬರುತ್ತವೆ. ಮೊದಲ ರಾತ್ರಿಯೇ ಹೊಳೆಯಬೇಕಾದರೆ ಪಟ್ಟಿ ಬಿಸಿ ಇರುವಾಗಲೇ ಚದರ ಮೀಟರಿಗೆ 250 ಗ್ರಾಂನಂತೆ ಮೇಲೂ ಉದುರಿಸಬೇಕು. ಮಣಿ ಅರ್ಧಕ್ಕಿಂತ ತುಸು ಹೆಚ್ಚು ಮುಳುಗಬೇಕು. ಆಗ ಹೆಡ್‌ಲೈಟಿನ ಬೆಳಕು ಮಣಿಯೊಳಗೆ ಬಾಗಿ, ಹಿಂದಿನ ಬಣ್ಣಕ್ಕೆ ಬಡಿದು, ಗಾಡಿ ಓಡಿಸುವವನ ಕಣ್ಣಿಗೇ ಮರಳುತ್ತದೆ. ಪೂರ್ತಿ ಮುಳುಗಿದರೆ ಕುರುಡು. ಮೇಲೇ ಕೂತರೆ ಟಯರಿಗೆ ಕಿತ್ತುಹೋಗುತ್ತದೆ.

ಒಂದು ಭಾನುವಾರ ಸಿಂಹಗಡ ರಸ್ತೆ ಕಡೆ ಶಾಲೆಯೊಂದರ ಮುಂದೆ ಝೀಬ್ರಾ ಕ್ರಾಸಿಂಗ್ ಹಾಕಿದೆವು. ಅರ್ಧ ಮೀಟರಿನ ಪಟ್ಟಿ, ಅಷ್ಟೇ ಸಂದು, ಅಳತೆ ಸರಿಯಾಗಿತ್ತು. ಸಂಜೆಯ ಅವಸರದಲ್ಲಿ ಪಟ್ಟಿ ಆರಿದ ಮೇಲೆ ಹುಡುಗರು ಮಣಿ ಎರಚಿದ್ದರು, ನಾನೂ ಗಮನಿಸಲಿಲ್ಲ. ರಾತ್ರಿ ಬೈಕಿನಲ್ಲಿ ಹಾದರೆ ಝೀಬ್ರಾ ಕಾಣಲೇ ಇಲ್ಲ. ಕೈಯಾಡಿಸಿದೆ, ಮಣಿ ಮರಳಿನಂತೆ ಉದುರಿತು.

“ಹಗಲಿನ್ಯಾಗ ಬೆಳ್ಳಗ ಕಾಣ್ತದಲ್ರೀ ಕಾಕಾ,” ಅಂದ ಹುಡುಗ.

“ಹಗಲಿನ್ಯಾಗ ಮಗೂನೂ ಕಾಣ್ತದ ತಮ್ಮಾ. ಪಟ್ಟಿ ಬೇಕಾಗೂದು ಕತ್ತಲಾಗ.”

ಮರುದಿನವೇ ಗುಡಿಸಿ ಅದರ ಮೇಲೆ ಇನ್ನೊಂದು ಪದರ ಹಾಕಿದೆವು. ಮಾಲಿನ ಖರ್ಚು ನಾನೇ ಕೊಟ್ಟೆ. ಆ ದಾರಿಯಲ್ಲಿ ಟ್ಯೂಷನ್ ಮುಗಿಸಿ ಕತ್ತಲಲ್ಲಿ ದಾಟುವ ಮಕ್ಕಳನ್ನು ನೋಡಿದ್ದೆ, ಬಿಡಲು ಮನಸ್ಸು ಒಪ್ಪಲಿಲ್ಲ.

ಮಳೆಯ ರಾತ್ರಿ ಮಾತ್ರ ಒಳ್ಳೆ ಪಟ್ಟಿಯೂ ಮಂಕಾಗುತ್ತದೆ. ಮಣಿಯ ಮೇಲೆ ನೀರಿನ ಪದರ ಕೂತರೆ ಬೆಳಕು ಬೇರೆಡೆ ಚದುರಿಬಿಡುತ್ತದೆ. ನವಲೆ ಬ್ರಿಡ್ಜಿನ ಇಳಿಜಾರಿನಂಥ ಕಡೆ ಪಟ್ಟಿಯ ಜೊತೆಗೆ ಕ್ಯಾಟ್ಸ್ ಐ, ಅಂದರೆ ರಸ್ತೆಗೆ ಕೂರಿಸುವ ಹೊಳೆಯುವ ಬಿಲ್ಲೆಗಳು ಕೂಡ ಬೇಕೆಂದು ನಾನು ಹೇಳುವುದು ಅದಕ್ಕೇ.

ಶಾಲೆ ಮುಂದಿನ ಆ ಝೀಬ್ರಾ ಆದಂದಿನಿಂದ, ಕೆಲಸ ಮುಗಿದ ರಾತ್ರಿ ಮೂವತ್ತು ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ ಲೈಟ್ ಹಾಕಿ ನೋಡುತ್ತೇನೆ. ಹೊಳೆಯದಿದ್ದರೆ ಬಾಯ್ಲರ್ ಅಲ್ಲಿಂದ ಕದಲುವುದಿಲ್ಲ.