ಟೈಪ್ ಮಾಡಿದಷ್ಟೂ ಬೆಳೆಯುವ ಕನ್ನಡ ಫಾರ್ಮ್ ಬಾಕ್ಸ್

ಕಬ್ಬು ಬೆಳೆಗಾರರ ಹೆಸರು, ತಾಲ್ಲೂಕು, ವಿಳಾಸ ಕೇಳುವ ವೆಬ್ ಫಾರ್ಮ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ತುಂಬುವವರು ಮಂಡ್ಯ ಜಿಲ್ಲೆಯ ರೈತರು. ಕೈಯಲ್ಲಿರುವುದು ಮೊಬೈಲು, ಬರೆಯುವುದು ಕನ್ನಡ. ಇಂಗ್ಲಿಷಿಗೆ ಅಳತೆ ಮಾಡಿದ ಬಾಕ್ಸಿನಲ್ಲಿ ಒತ್ತಕ್ಷರದ ಕೆಳಭಾಗ ಕಾಣುವುದೇ ಇಲ್ಲ, ಉದ್ದದ ವಿಳಾಸ ಅರ್ಧ ಮರೆಯಾಗುತ್ತದೆ. ಬರೆದದ್ದು ಬರೆದವರಿಗೇ ಕಾಣದಿದ್ದರೆ ತಿದ್ದುವುದು ಹೇಗೆ? ಜಾವಾಸ್ಕ್ರಿಪ್ಟ್‌ನ ಕೆಲವೇ ಸಾಲುಗಳಲ್ಲಿ ಇದನ್ನು ಸರಿಮಾಡಬಹುದು.

ಅಕ್ಷರ ಎಣಿಸಿ ಅಳತೆ ಕೊಡಲು ಮಾತ್ರ ಹೋಗಬೇಡಿ. ‘ಶ್ರೀರಂಗಪಟ್ಟಣ’ ನಮ್ಮ ಕಣ್ಣಿಗೆ 6 ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂತ್ (ಬರಹದ ಉದ್ದ ಹೇಳುವ ಗುಣ) 12 ಅನ್ನುತ್ತದೆ. ಗುಣಿತದ ಚಿಹ್ನೆ, ಸೊನ್ನೆ, ಒತ್ತು ಕೂಡಿಸುವ ಚಿಹ್ನೆ ಎಲ್ಲವನ್ನೂ ಅದು ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ. ಎಷ್ಟು ಜಾಗ ಬೇಕು ಅಂತ ಬ್ರೌಸರನ್ನೇ ಕೇಳುವುದು ಸರಿಯಾದ ದಾರಿ.

ವಿಳಾಸಕ್ಕೆ ಟೆಕ್ಸ್ಟ್‌ಏರಿಯಾ, ಅಂದರೆ ಹಲವು ಸಾಲು ಬರೆಯುವ ಬಾಕ್ಸ್, ಬಳಸಿ. ಪೇಜಿನ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಅಗಲ ಶೇ 100, ಲೈನ್-ಹೈಟ್ 1.6, ಬಾಕ್ಸ್-ಸೈಜಿಂಗ್ ‘ಬಾರ್ಡರ್-ಬಾಕ್ಸ್’ ಇರಲಿ. ಇನ್ನು ಸ್ಕ್ರಿಪ್ಟ್. ಇನ್‌ಪುಟ್ ಇವೆಂಟ್ ಬಂದಾಗಲೆಲ್ಲ, ಅಂದರೆ ಬಾಕ್ಸಿನ ಬರಹ ಬದಲಾದಾಗಲೆಲ್ಲ, ಮೊದಲು ಬಾಕ್ಸಿನ ಸ್ಟೈಲ್‌ನಲ್ಲಿ ಹೈಟನ್ನು ‘ಆಟೋ’ ಮಾಡಿ. ಆಮೇಲೆ ಸ್ಕ್ರೋಲ್‌ಹೈಟ್, ಅಂದರೆ ಒಳಗಿನ ಬರಹಕ್ಕೆಲ್ಲ ಬೇಕಾದ ಎತ್ತರ, ಓದಿ. ಅದಕ್ಕೆ ಅಂಚಿನ ದಪ್ಪ ಕೂಡಿಸಿ. ಅಂಚು ಸೇರಿದ ಎತ್ತರವಾದ ಆಫ್‌ಸೆಟ್‌ಹೈಟ್‌ನಿಂದ ಅಂಚು ಬಿಟ್ಟ ಎತ್ತರವಾದ ಕ್ಲೈಂಟ್‌ಹೈಟ್ ಕಳೆದರೆ ಅದು ಸಿಗುತ್ತದೆ. ಬಂದ ಸಂಖ್ಯೆಯ ಕೊನೆಗೆ ‘ಪಿಎಕ್ಸ್’ (ಪಿಕ್ಸೆಲ್ ಅಳತೆಯ ಗುರುತು) ಹಚ್ಚಿ ಹೈಟ್‌ಗೆ ಕೊಡಿ. ‘ಆಟೋ’ ಬಿಟ್ಟರೆ ಬಾಕ್ಸ್ ಬೆಳೆಯುತ್ತದೆಯೇ ಹೊರತು, ಸಾಲು ಅಳಿಸಿದಾಗ ಕುಗ್ಗುವುದಿಲ್ಲ. ‘ಪಿಎಕ್ಸ್’ ಬಿಟ್ಟರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ತಾಲ್ಲೂಕಿಗೆ ಇಷ್ಟೆಲ್ಲ ಬೇಡ. ಜಿಲ್ಲೆಯಲ್ಲಿ ಇರುವುದೇ 7, ಡ್ರಾಪ್‌ಡೌನ್ ಸಾಕು.

ಬಾಕ್ಸ್ ಬೆಳೆದರೆ ಅದರ ಕೆಳಗಿನ ‘ಪಿನ್‌ಕೋಡ್ ಹಾಕಿ’ ಎಂಬ ಸೂಚನೆಯೂ ಜಾಗ ಬಿಟ್ಟುಕೊಡಬೇಕು, ಅಲ್ವಾ? ಬಾಕ್ಸ್, ಸೂಚನೆ ಎರಡನ್ನೂ ಸುತ್ತುವರಿದ ಹೊರಗಿನ ಡಿವ್‌ಗೆ ಪೊಸಿಷನ್ ‘ರಿಲೆಟಿವ್’, ಸೂಚನೆಗೆ ‘ಅಬ್ಸೊಲ್ಯೂಟ್’ ಕೊಡಿ. ಪೊಸಿಷನ್ ಹೇಳದೆ ಸುಮ್ನೆ ಟಾಪ್, ಲೆಫ್ಟ್ ಬದಲಿಸಿದರೆ ಯಾವುದೂ ಅಲುಗಾಡುವುದಿಲ್ಲ. ಡಿವ್‌ನ ಮೇಲಂಚಿನಿಂದ ಬಾಕ್ಸಿಗಿರುವ ದೂರವಾದ ಆಫ್‌ಸೆಟ್‌ಟಾಪ್‌ಗೆ ಆಫ್‌ಸೆಟ್‌ಹೈಟ್ ಕೂಡಿಸಿದರೆ ಸೂಚನೆಯ ಟಾಪ್ ಸಿಕ್ಕಿತು. ಆಫ್‌ಸೆಟ್‌ಲೆಫ್ಟ್ ಅದರ ಲೆಫ್ಟ್. ಎರಡಕ್ಕೂ ‘ಪಿಎಕ್ಸ್’ ಬೇಕು. ಸೂಚನೆಯಷ್ಟು ಜಾಗವನ್ನು ಡಿವ್‌ನ ಕೆಳಗಡೆ ಪ್ಯಾಡಿಂಗ್ ಆಗಿ ಬಿಡಿ, ಇಲ್ಲದಿದ್ದರೆ ಅದು ಮುಂದಿನ ಬಾಕ್ಸಿನ ಮೇಲೆ ಕೂರುತ್ತದೆ.

ಇದನ್ನೆಲ್ಲ ಒಂದೇ ಫಂಕ್ಷನ್‌ನಲ್ಲಿ ಇಡಿ. ಪೇಜ್ ತೆರೆದಾಗ ಒಮ್ಮೆ, ಫೋನ್ ಅಡ್ಡ ತಿರುಗಿಸಿದಾಗ ರಿಸೈಜ್ ಇವೆಂಟ್‌ನಲ್ಲಿ ಇನ್ನೊಮ್ಮೆ ಕರೆಯಿರಿ. ಕನ್ನಡ ವೆಬ್ ಫಾಂಟ್ ಬಳಸಿದ್ದರೆ ಅದು ಲೋಡ್ ಆದ ಮೇಲೂ ಕರೆಯಬೇಕು. ಫಾಂಟ್ ಬದಲಾದರೆ ಸಾಲಿನ ಅಳತೆಯೂ ಬದಲಾಗುತ್ತದೆ.