ಊಟಕ್ಕೆ ಹಟ ಮಾಡುವ ಮಕ್ಕಳಿಗೆ ರಾತ್ರಿಯ ಅಡುಗೆ: ಒಂದೇ ಒಲೆ, ಬಿಡಿ ಬಿಡಿ ಬಟ್ಟಲು

ತಟ್ಟೆ ಕಂಡೊಡನೆ ಮುಖ ತಿರುಗಿಸುವ ಮಗುವಿನ ಬಗ್ಗೆ ಯಾರಾದರೂ ಹೇಳಿಕೊಂಡಾಗ ನಾನು ಮೊದಲು ವಿಚಾರಿಸುವುದು ರಾತ್ರಿಯ ಅಡುಗೆಯನ್ನಲ್ಲ, ಸಂಜೆಯನ್ನು. ಸಂಜೆ ಐದರಿಂದ ಏಳರೊಳಗೆ ಮಗು ಏನು ತಿಂದಿತು, ಏನು ಕುಡಿಯಿತು ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಿ. ಒಂದು ಲೋಟ ಹಾಲು, ನಾಲ್ಕು ಬಿಸ್ಕತ್ತು, ಅಡುಗೆ ಮುಗಿಯುವವರೆಗೆ ರಚ್ಚೆ ಹಿಡಿಯದಿರಲೆಂದು ಕೈಗಿತ್ತ ಒಂದು ಹಿಡಿ ಚಿಪ್ಸ್, ಇಷ್ಟು ಹೊಟ್ಟೆಗೆ ಸೇರಿದ ಮೇಲೆ ಎಂಟು ಗಂಟೆಗೆ ಬೇಯಿಸಿದ ಬೀನ್ಸ್ ಯಾವ ಮಗುವಿಗೂ ರುಚಿಸುವುದಿಲ್ಲ. ಆದ್ದರಿಂದ ಊಟಕ್ಕೆ ಎರಡು ಗಂಟೆ ಮುಂಚಿನಿಂದ ನೀರನ್ನು ಬಿಟ್ಟು ಬೇರೇನನ್ನೂ ಕೊಡದಿರುವುದು ಈ ಕೆಲಸದ ಮೊದಲ ಹೆಜ್ಜೆ. ಹಾಲಿನ ಲೆಕ್ಕವನ್ನೂ ಇಡಬೇಕು. ಒಂದರಿಂದ ಐದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಸುಮಾರು ಅರ್ಧ ಲೀಟರ್ ಸಾಕಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಹೊಟ್ಟೆ ತುಂಬಿ ಊಟ ಸೇರದು, ಹಾಲಿನಲ್ಲಿ ಕಬ್ಬಿಣದ ಅಂಶ ಅತಿ ಕಡಿಮೆಯಿರುವುದರಿಂದ ರಕ್ತಹೀನತೆಗೂ ದಾರಿಯಾಗುತ್ತದೆ. ಊಟ ಬಿಟ್ಟಿತೆಂದು ಹಾಲು ಕೊಡುವುದು, ಹಾಲು ಕುಡಿದದ್ದರಿಂದ ಮರುದಿನವೂ ಊಟ ಬಿಡುವುದು, ಹೀಗೆ ಸುತ್ತು ಹಾಕುತ್ತಿರುವ ಮನೆಗಳು ಕಡಿಮೆಯೇನಲ್ಲ.

ಹಟವೆಂದು ನಾವು ಕರೆಯುವುದರಲ್ಲಿ ಹಟದ ಪಾಲು ಎಷ್ಟು ಎಂಬುದನ್ನೂ ಯೋಚಿಸಬೇಕು. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಹೆಚ್ಚೆಂದರೆ ಎರಡು, ಎರಡೂವರೆ ಕಿಲೋ ಏರುತ್ತದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುವುದು ಸಹಜ. ಇದೇ ಹೊತ್ತಿಗೆ, ಅಂದರೆ ಎರಡರಿಂದ ಆರು ವರ್ಷದ ನಡುವೆ, ಹೊಸ ಆಹಾರದ ಬಗೆಗಿನ ಅಂಜಿಕೆಯೂ ಮೇಲುಗೈ ಪಡೆಯುತ್ತದೆ. ನಡೆಯಲು ಕಲಿತು ಕಂಡದ್ದನ್ನೆಲ್ಲ ಬಾಯಿಗೆ ಹಾಕಬಲ್ಲ ವಯಸ್ಸಿನಲ್ಲಿ ಅಪರಿಚಿತ ಎಲೆ, ಕಾಯಿಗಳನ್ನು ದೂರವಿಡುವ ಎಚ್ಚರ ಪ್ರಾಣ ಉಳಿಸುವ ಗುಣವೇ ಆಗಿದ್ದಿರಬೇಕು. ಕಹಿಯನ್ನು ಗ್ರಹಿಸುವ ಶಕ್ತಿಯೂ ಹುಟ್ಟಿನಿಂದ ಬಂದದ್ದು; ಎಲೆಕೋಸು, ಹೂಕೋಸು, ಬ್ರೊಕೊಲಿಗಳಲ್ಲಿನ ನಸುಗಹಿ ಕೆಲವರ ನಾಲಿಗೆಗೆ ತಿಳಿಯುವುದೇ ಇಲ್ಲ, ಕೆಲವರಿಗೆ ತಡೆಯಲಾಗದಷ್ಟು ತೀಕ್ಷ್ಣವಾಗಿರುತ್ತದೆ. ಅಣ್ಣ ತಿನ್ನುವುದನ್ನು ತಂಗಿ ಏಕೆ ತಿನ್ನುವುದಿಲ್ಲ ಎಂಬ ದೂರಿಗೆ ಉತ್ತರ ಹಲವು ಸಲ ಇಲ್ಲೇ ಇರುತ್ತದೆ.

ಯಾರ ಕೆಲಸ ಯಾವುದು

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು 1980ರ ದಶಕದಲ್ಲಿ ರೂಪಿಸಿದ ಒಂದು ಹಂಚಿಕೆಯನ್ನು ಇಂದಿಗೂ ಅನೇಕ ಮಕ್ಕಳ ವೈದ್ಯರು ಹೇಳುತ್ತಾರೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಕುಳಿತು ಉಣ್ಣಬೇಕು ಎಂಬುದು ದೊಡ್ಡವರ ತೀರ್ಮಾನ. ಬಡಿಸಿದ್ದರಲ್ಲಿ ಯಾವುದನ್ನು, ಎಷ್ಟು ತಿನ್ನಬೇಕು, ತಿನ್ನಲೇಬೇಕೇ ಎಂಬುದು ಮಗುವಿನ ತೀರ್ಮಾನ. ಕೇಳಲು ಸುಲಭವಾದ ಈ ಮಾತು ನಡೆಸಲು ಕಷ್ಟ, ಏಕೆಂದರೆ ನಮಗೆ ಎರಡೂ ಕೆಲಸ ಬೇಕು. ಇದಕ್ಕೂ ಬಹಳ ಹಿಂದೆ, 1920 ಮತ್ತು 30ರ ದಶಕಗಳಲ್ಲಿ, ವೈದ್ಯೆ ಕ್ಲಾರಾ ಡೇವಿಸ್ ಅವರು ಎದೆಹಾಲು ಬಿಡಿಸಿದ ಹದಿನೈದು ಶಿಶುಗಳ ಮುಂದೆ ಹೊತ್ತುಹೊತ್ತಿಗೆ ಬಗೆಬಗೆಯ ಆಹಾರವಿಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟಿದ್ದರು. ಒಂದೊಂದು ಮಗು ಒಂದೊಂದು ರೀತಿಯಲ್ಲಿ ತಿಂದರೂ ಎಲ್ಲವೂ ಚೆನ್ನಾಗಿಯೇ ಬೆಳೆದವು. ಆದರೆ ಅವರ ಪಟ್ಟಿಯಲ್ಲಿದ್ದ 34 ಪದಾರ್ಥಗಳಲ್ಲಿ ಸಕ್ಕರೆಯೂ ಇರಲಿಲ್ಲ, ಕಾರ್ಖಾನೆಯ ತಿನಿಸೂ ಇರಲಿಲ್ಲ. ಗುಟ್ಟು ಆ ಪಟ್ಟಿಯಲ್ಲೇ ಇದೆಯೆಂದು ಅವರೇ ಹೇಳಿದರು. ಪಟ್ಟಿ ನಮ್ಮ ಕೈಯಲ್ಲಿರುವಾಗ ತುತ್ತುಗಳನ್ನು ಮಗುವಿಗೆ ಬಿಟ್ಟುಕೊಡಲು ಹೆದರಬೇಕಾಗಿಲ್ಲ.

ಬಡಿಸುವ ಪ್ರಮಾಣ ಚಿಕ್ಕದಿರಲಿ. ವಯಸ್ಸಿನ ವರ್ಷಕ್ಕೆ ಒಂದು ದೊಡ್ಡ ಚಮಚ, ಅಂದರೆ ಮೂರು ವರ್ಷದ ಮಗುವಿಗೆ ಪ್ರತಿ ಪದಾರ್ಥವೂ ಮೂರು ಚಮಚ, ಎಂಬುದು ಆರಂಭಕ್ಕೆ ಒಳ್ಳೆಯ ಅಂದಾಜು. ಹೊಸ ತರಕಾರಿಯಾದರೆ ಇದೂ ಹೆಚ್ಚು; ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಚೂರು ಸಾಕು.

ಅಡುಗೆ ಒಂದೇ, ಬೆರೆಸುವುದು ತಟ್ಟೆಯಲ್ಲಿ

ದೊಡ್ಡವರಿಗೊಂದು, ಮಕ್ಕಳಿಗೊಂದು ಎಂದು ಎರಡು ಅಡುಗೆ ಮಾಡುವ ಮನೆಯಲ್ಲಿ ಅಡುಗೆ ಮಾಡುವವರು ದಣಿಯುತ್ತಾರೆ, ಮಗು ಹೊಸದನ್ನು ನೋಡುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ. ಹಾಗೆಂದು ಎಲ್ಲವನ್ನೂ ಕಲಸಿದ ಒಂದೇ ಪಾತ್ರೆಯನ್ನು ಮುಂದಿಟ್ಟರೆ, ಬೇಡದ ಒಂದು ಚೂರಿನಿಂದಾಗಿ ಇಡೀ ಊಟ ತಿರಸ್ಕಾರವಾಗುತ್ತದೆ. ಇವೆರಡರ ನಡುವಿನ ದಾರಿಯೆಂದರೆ ಒಂದೇ ಅಡುಗೆಯನ್ನು ಮಾಡಿ, ಬೆರೆಸುವ ಮೊದಲು ಬಿಡಿಬಿಡಿಯಾಗಿ ಎತ್ತಿಡುವುದು. ಅನ್ನ ಅಥವಾ ರೊಟ್ಟಿಯಂಥ ಒಂದು ಧಾನ್ಯ, ಬೇಳೆ, ಕಾಳು, ಮೊಟ್ಟೆ, ಮೀನುಗಳಲ್ಲಿ ಒಂದು, ಮಗು ಈಗಾಗಲೇ ತಿನ್ನುವ ಒಂದು ತರಕಾರಿ, ಇನ್ನೂ ಕಲಿಯುತ್ತಿರುವ ಒಂದು ತರಕಾರಿ, ಅದ್ದಿ ತಿನ್ನಲು ಒಂದು ಬಟ್ಟಲು ಮೊಸರು. ರಾತ್ರಿಯೂಟಕ್ಕೆ ಇಷ್ಟು ಸಾಕು. ದೊಡ್ಡವರು ಇವನ್ನೇ ಮಸಾಲೆ ಸೇರಿಸಿ ಒಂದುಗೂಡಿಸಿಕೊಳ್ಳಬಹುದು. ಪ್ರತಿ ಊಟದಲ್ಲೂ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಇರಲೇಬೇಕು ಎಂಬುದನ್ನು ಮಾತ್ರ ಮರೆಯಬಾರದು. ತಟ್ಟೆಯಲ್ಲಿ ಒಂದು ಪರಿಚಿತ ಮುಖ ಕಂಡರೆ ಉಳಿದವುಗಳತ್ತ ಕೈ ಚಾಚುವ ಧೈರ್ಯ ಬರುತ್ತದೆ.

ತರಕಾರಿಯ ಹದದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳು ರುಚಿಗಿಂತ ಮೊದಲು ಹದವನ್ನೇ ತಿರಸ್ಕರಿಸುತ್ತಾರೆ. ಹೂಕೋಸನ್ನೂ ಎಲೆಕೋಸನ್ನೂ ನೀರಿನಲ್ಲಿ ಹೆಚ್ಚು ಹೊತ್ತು ಬೇಯಿಸಿದಷ್ಟೂ ಅವುಗಳಲ್ಲಿನ ಗಂಧಕದ ಸಂಯುಕ್ತಗಳು ಒಡೆದು ವಾಸನೆ ಹೆಚ್ಚುತ್ತದೆ. ಮಗು ಮೂಗು ಮುಚ್ಚಿಕೊಳ್ಳುವುದು ತರಕಾರಿಗಲ್ಲ, ನಾವು ಕೆಡಿಸಿದ ಹದಕ್ಕೆ. ಇವನ್ನು ಹುರಿಯುವುದೇ ಒಳ್ಳೆಯದು. ಕ್ಯಾರೆಟ್, ಹೂಕೋಸು, ಸಿಹಿಗುಂಬಳ ಯಾವುದಾದರೂ ಸರಿ, ಬೆರಳಿನ ಗಾತ್ರಕ್ಕೆ ಹೆಚ್ಚಿ, ಬಟ್ಟೆಯಿಂದ ನೀರೊರೆಸಿ, ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ಹರಡಿ, 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್‌ನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಇಟ್ಟರೆ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ, ನೀರಿನಂಶ ಆರಿ ತರಕಾರಿಯ ಸ್ವಂತ ಸಿಹಿ ಮೇಲೆ ಬರುತ್ತದೆ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಚ್ಚಿ ಬೇಯಿಸಿ, ಮುಚ್ಚಳ ತೆಗೆದು ಉರಿ ಹೆಚ್ಚಿಸಿ ಕೆಂಪಾಗಿಸಬಹುದು. ಒದ್ದೆಯಿದ್ದರೆ ಅಥವಾ ಒತ್ತೊತ್ತಾಗಿ ತುಂಬಿದರೆ ಹುರಿಯುವ ಬದಲು ಹಬೆಯಲ್ಲಿ ಮೆತ್ತಗಾಗಿಬಿಡುತ್ತದೆ. ಮೊದಲ ಸಲ ಕೆಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಬೀನ್ಸ್‌ಗೆ ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಸಾಕು, ಕೂಡಲೇ ತಣ್ಣೀರಿಗೆ ಹಾಕಿದರೆ ಹಸಿರೂ ಉಳಿಯುತ್ತದೆ, ಕಡಿದಾಗ ಗರಿಯೂ ಉಳಿಯುತ್ತದೆ.

ಎಣ್ಣೆಯನ್ನು ಪೂರ್ತಿ ಬಿಡುವುದು ಆರೋಗ್ಯವೆಂದು ತಿಳಿದವರಿದ್ದಾರೆ, ಅದು ಸರಿಯಲ್ಲ. ಕ್ಯಾರೆಟ್, ಕುಂಬಳಗಳಲ್ಲಿನ ಕ್ಯಾರೊಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಜೊತೆಗಿರಬೇಕು. ಚಿಟಿಕೆ ಉಪ್ಪು ಕಹಿಯನ್ನು ಮರೆಮಾಡುತ್ತದೆ, ಆದರೆ ಚಿಟಿಕೆಯಷ್ಟೇ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಹೇಳಿದೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆಯಿರಬೇಕು. ಬೇಳೆ, ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅವುಗಳಲ್ಲಿನ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ.

ಎಷ್ಟು ಸಲ ಕೊಟ್ಟಿದ್ದೀರಿ, ನಿಜವಾಗಿ?

ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳು ಹೊಸ ಹಣ್ಣು, ಚೀಸ್‌ಗಳನ್ನು ಹೆಚ್ಚು ಸಲ ಸವಿದಷ್ಟೂ ಹೆಚ್ಚು ಮೆಚ್ಚಿದರು. ಒಂದು ಆಹಾರ ಒಗ್ಗಲು ಎಂಟರಿಂದ ಹದಿನೈದು ಸಲವಾದರೂ ಬೇಕಾಗಬಹುದು ಎಂದು ಈಗ ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಓದಿದಾಗ ನನಗೆ ಕೋಪವೇ ಬಂದಿತ್ತು. ನಮ್ಮ ಮಗಳಿಗೆ ಹೂಕೋಸನ್ನು ಹತ್ತು ಸಲವಾದರೂ ಕೊಟ್ಟಿದ್ದೇನೆ, ಏನೂ ಆಗಿಲ್ಲ ಎಂದುಕೊಂಡಿದ್ದೆ. ಪರೀಕ್ಷಿಸಲೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೂಕೋಸು ಬಡಿಸಿದ ದಿನ ಒಂದು ಚುಕ್ಕೆ ಇಡತೊಡಗಿದೆ. ಆ ತಿಂಗಳ ಕೊನೆಗೆ ಎಣಿಸಿದರೆ ಚುಕ್ಕೆಗಳು ಮೂರು. ಹತ್ತು ಎಂದು ಮನಸ್ಸು ಹೇಳಿದ ಸಂಖ್ಯೆ ಜಗಳದ ಲೆಕ್ಕವೇ ಹೊರತು ಬಡಿಸಿದ ಲೆಕ್ಕವಾಗಿರಲಿಲ್ಲ. ಅಲ್ಲಿಂದ ವಾರಕ್ಕೆರಡು ಸಲ, ಒಂದೇ ಒಂದು ಚೂರು, ಏನೂ ಹೇಳದೆ ತಟ್ಟೆಯಂಚಿಗೆ ಇಡುವುದಾಯಿತು. ಐದನೆಯ ಚುಕ್ಕೆಯ ದಿನ ಅವಳು ಅದನ್ನು ಬೆರಳಿನಿಂದ ಉರುಳಿಸಿದಳು, ಏಳನೆಯ ದಿನ ಮೂಸಿದಳು, ಒಂಬತ್ತನೆಯ ದಿನ ಕಚ್ಚಿ ಉಗಿದಳು. ಹನ್ನೆರಡನೆಯ ದಿನ ನಾನು ನೀರು ತರಲು ಎದ್ದು ಬಂದಾಗ ಚೂರು ಇರಲಿಲ್ಲ. ತಟ್ಟೆಯ ಕೆಳಗೆ, ಮೇಜಿನ ಕೆಳಗೆ ಹುಡುಕಿದೆ, ಅಲ್ಲೂ ಇರಲಿಲ್ಲ.

ಆದ್ದರಿಂದ ಮುಟ್ಟುವುದು, ಮೂಸುವುದು, ನೆಕ್ಕುವುದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಡವಾದರೆ ಮೆಲ್ಲನೆ ಉಗಿಯಲು ಪಕ್ಕದಲ್ಲೊಂದು ಕಾಗದದ ಕರವಸ್ತ್ರ ಇಟ್ಟಿರಿ. ಹೊರಬರುವ ದಾರಿ ಇದೆಯೆಂದು ತಿಳಿದ ಮಗು ಬಾಯಿಗಿಡಲು ಅಷ್ಟು ಹಿಂಜರಿಯುವುದಿಲ್ಲ.

ಪಾಲಕ್ ರುಬ್ಬಿ ಹಿಟ್ಟಿಗೆ ಸೇರಿಸುವ, ಕುಂಬಳವನ್ನು ಸಾರಿನಲ್ಲಿ ಕರಗಿಸುವ ಉಪಾಯಗಳ ಬಗ್ಗೆ ನನಗೆ ಅರ್ಧ ಒಪ್ಪಿಗೆಯಷ್ಟೇ ಇದೆ. ಪೋಷಣೆ ಹೆಚ್ಚಿಸಲು ಅದು ಸರಿ, ಆದರೆ ಹಾಗೆ ತಿಂದ ಮಗು ಪಾಲಕ್ ತಿನ್ನಲು ಕಲಿಯುವುದಿಲ್ಲ, ಬಚ್ಚಿಟ್ಟದ್ದು ಒಂದು ದಿನ ಕಂಡುಬಿದ್ದರೆ ಮೆಚ್ಚಿನ ತಿನಿಸನ್ನೂ ಅನುಮಾನದಿಂದ ಬಿಡಿಸಿ ನೋಡತೊಡಗುತ್ತದೆ. ಸೇರಿಸಿದರೆ ಸೇರಿಸಿದ್ದೇವೆಂದು ಹೇಳಿ, ಅದೇ ತರಕಾರಿಯ ಒಂದು ಚೂರನ್ನು ಕಾಣುವಂತೆಯೂ ಇಡಿ.

ಊಟದ ಹೊತ್ತಿನ ಮಾತು

"ಇನ್ನೊಂದೇ ಒಂದು ತುತ್ತು" ಎಂದು ಪುಸಲಾಯಿಸುವುದು ಪ್ರೀತಿಯಿಂದಲೇ, ಆದರೆ ಫಲ ಉಲ್ಟಾ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಗಿಸು ಎಂದು ಒತ್ತಾಯ ಮಾಡಿದಾಗಿಗಿಂತ ಒತ್ತಾಯವಿಲ್ಲದಾಗ ಮಕ್ಕಳು ಹೆಚ್ಚು ತಿಂದರು, ಗೊಣಗಿದ್ದೂ ಬಹಳ ಕಡಿಮೆ. ತರಕಾರಿ ತಿಂದರೆ ಐಸ್‌ಕ್ರೀಮ್ ಎಂಬ ಒಪ್ಪಂದವೂ ಹೀಗೆಯೇ; ಬಹುಮಾನ ಕೊಟ್ಟು ತಿನ್ನಿಸಿದ್ದನ್ನು ಆಮೇಲೆ ಮಕ್ಕಳು ಮೊದಲಿಗಿಂತ ಕಡಿಮೆ ಇಷ್ಟಪಟ್ಟರೆಂದು ಬರ್ಚ್ ಅವರ ತಂಡ 1984ರಲ್ಲಿ ತೋರಿಸಿತ್ತು. ಲಂಚ ಕೊಡಬೇಕಾದ ವಸ್ತು ಕೆಟ್ಟದ್ದೇ ಇರಬೇಕೆಂದು ಮಗು ಲೆಕ್ಕ ಹಾಕುತ್ತದೆ, ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಸಿಹಿ ಇರುವ ದಿನ ಚಿಕ್ಕ ಪ್ರಮಾಣದಲ್ಲಿ ಊಟದ ಜೊತೆಗೇ ಬಡಿಸಿಬಿಡಿ, ಅದಕ್ಕೆ ಷರತ್ತು ಬೇಡ. ಊಟದ ಸಮಯದಲ್ಲಿ ಫೋನು, ಟಿವಿ ಬೇಡವೆಂಬುದು ಮಕ್ಕಳಿಗೆ ಎಷ್ಟೋ ದೊಡ್ಡವರಿಗೂ ಅಷ್ಟೇ. ನೀವು ಆ ಹೂಕೋಸನ್ನು ಅವರೆದುರು ತಿನ್ನುವುದು ಎಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಡುಗೆಯಲ್ಲಿ ಅವರ ಕೈಯೂ ಇರಲಿ: ಮೂರು ವರ್ಷದ ಮಗು ತರಕಾರಿ ತೊಳೆಯಬಲ್ಲದು, ಐದರದು ಬಟಾಣಿ ಸುಲಿಯಬಲ್ಲದು.

ಪೋಷಣೆಯನ್ನು ದಿನದ ಲೆಕ್ಕದಲ್ಲಲ್ಲ, ವಾರದ ಲೆಕ್ಕದಲ್ಲಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಂತೆ ದಿನಕ್ಕೆ ಹಣ್ಣು, ತರಕಾರಿ ಸೇರಿ ಎರಡರಿಂದ ಐದು ವರ್ಷದವರಿಗೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತರವರಿಗೆ 350 ಗ್ರಾಂ, ಹತ್ತು ದಾಟಿದವರಿಗೆ 400 ಗ್ರಾಂ ಬೇಕು. ಇದನ್ನು ರಾತ್ರಿಯೊಂದೇ ಊಟ ತುಂಬಿಸಬೇಕಾಗಿಲ್ಲ. ತರಕಾರಿಗೆ ಮುನಿಸಿಕೊಂಡ ಮಗುವಿಗೆ ಹಣ್ಣು ಕೆಲವು ತಿಂಗಳ ಮಟ್ಟಿಗೆ ಸೇತುವೆಯಾಗಬಲ್ಲದು. ನಾಲ್ಕು ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ, ಇಡೀ ಬೀಜಗಳು, ಗುಂಡಗೆ ಹೆಚ್ಚಿದ ಹಸಿ ಕ್ಯಾರೆಟ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಕ್ಯಾರೆಟ್ಟನ್ನು ಬೇಯಿಸಿ ಕೊಡಿ.

ಎಲ್ಲವನ್ನೂ ಕಾದು ನೋಡಬಾರದು. ತೂಕ ಇಳಿಯುತ್ತಿದ್ದರೆ ಅಥವಾ ಏರದೆ ನಿಂತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ, ಕೆಲವು ಹದಗಳನ್ನು ಬಾಯಿಗಿಟ್ಟೊಡನೆ ಓಕರಿಕೆ ಬರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇಂಥ ತೀವ್ರ ಆಹಾರ ನಿರಾಕರಣೆಯನ್ನು 2013ರಿಂದ ವೈದ್ಯಕೀಯವು ಪ್ರತ್ಯೇಕ ತೊಂದರೆಯೆಂದೇ ಗುರುತಿಸುತ್ತದೆ, ಅದು ಬೆಳೆಸಿದವರ ತಪ್ಪಲ್ಲ.

ಹೊಸ ಕ್ರಮ ಆರಂಭಿಸಿದ ಮೊದಲ ಮೂರು ನಾಲ್ಕು ರಾತ್ರಿ ಗಲಾಟೆ ನಡೆದೇ ನಡೆಯುತ್ತದೆ. ಊಟಕ್ಕೆ ಅರ್ಧ ಗಂಟೆ ಕೊಡಿ, ಮುಗಿದ ಮೇಲೆ ಉಳಿದದ್ದರ ಬಗ್ಗೆ ಒಂದು ಮಾತೂ ಆಡದೆ ತಟ್ಟೆ ಎತ್ತಿ. ಮಲಗುವ ಹೊತ್ತಿಗೆ ಹಸಿವೆಂದು ಅಳುವ ಮಗುವನ್ನು ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ. ಆಗ ಬಿಸ್ಕತ್ತಿನ ಡಬ್ಬಿ ತೆರೆಯಬೇಡಿ, ಹಸಿದು ಮಲಗಿಸಲೂ ಬೇಡಿ. ನಿತ್ಯ ಒಂದೇ ಬಗೆಯ, ಆಸೆ ಹುಟ್ಟಿಸದ ಏನಾದರೊಂದನ್ನು, ಒಂದು ಬಾಳೆಹಣ್ಣನ್ನೋ ಒಂದು ಬಟ್ಟಲು ಸಪ್ಪೆ ಮೊಸರನ್ನೋ, ಊಟದ ಅದೇ ಜಾಗದಲ್ಲಿ ಕೂರಿಸಿ ಕೊಟ್ಟು, ಹಲ್ಲುಜ್ಜಿಸಿ ಮಲಗಿಸಿ.