ಪ್ರವೇಶದ ಅಂಕಿ ಏರಿದ ಮೇಲೆ ಮಾಡಬೇಕಾಗಿ ಬಂದ ಕೆಲಸ

ಹಣಕಾಸು ವೃತ್ತಿಗೆ ಬರುವವರಿಗೆ ಲೆಕ್ಕಪತ್ರ, ಸಾಲದ ಅರ್ಜಿಗಳ ಪರಿಶೀಲನೆ ಮತ್ತು ಹಣಕಾಸು ವಿಶ್ಲೇಷಣೆಯನ್ನು ಕಲಿಸುವುದು ಹಲವು ವರ್ಷಗಳಿಂದ ನನ್ನ ಕೆಲಸ. ವೈವಿಧ್ಯ ಎಂಬ ಮಾತು ನಮ್ಮ ತರಬೇತಿಯೊಳಗೆ ಮೊದಲು ಕಾಲಿಟ್ಟದ್ದು ಪ್ರವೇಶದ ಲೆಕ್ಕವಾಗಿ. ಮಹಿಳೆಯರೆಷ್ಟು, ಅಂಗವಿಕಲರೆಷ್ಟು, ವಾಣಿಜ್ಯ ಓದದೆ ಬಂದವರೆಷ್ಟು ಎಂದು ಎಣಿಸಿದೆವು, ಸಂಖ್ಯೆ ಏರಿದಾಗ ಸಂತೋಷಪಟ್ಟೆವು. ಆದರೆ ಮೂರನೆಯ ತಿಂಗಳ ಹಾಜರಿ ಪಟ್ಟಿಯನ್ನು ಮೊದಲ ವಾರದ ಪಟ್ಟಿಯೊಡನೆ ತಾಳೆ ನೋಡಿದಾಗ, ಬಿಟ್ಟುಹೋದವರಲ್ಲಿ ಹೆಚ್ಚಿನವರು ನಾವು ಹೆಮ್ಮೆಯಿಂದ ಎಣಿಸಿದ್ದವರೇ ಆಗಿದ್ದರು. ಇದಕ್ಕೆ ಪರಿಹಾರವೆಂದು ಅರ್ಧ ದಿನದ ಉಪನ್ಯಾಸವೊಂದನ್ನು ಏರ್ಪಡಿಸಿದೆವು. ಎಲ್ಲರೂ ಕೇಳಿದರು, ಚಪ್ಪಾಳೆ ತಟ್ಟಿದರು, ಮರುದಿನ ಅದೇ ಹಳೆಯ ಪಾಠ ಅದೇ ಹಳೆಯ ರೀತಿಯಲ್ಲಿ ಮುಂದುವರಿಯಿತು.

ನನ್ನ ತಪ್ಪು ನನಗೆ ಕಂಡದ್ದು ಡೆಬಿಟ್ ಮತ್ತು ಕ್ರೆಡಿಟ್ ಪಾಠದಲ್ಲಿ. ಸಾಹಿತ್ಯ ಓದಿ ಬಂದಿದ್ದ ಒಬ್ಬ ಅಭ್ಯರ್ಥಿ ಎದ್ದು ನಿಂತು, "ಖಾತೆಗೆ ಹಣ ಬಂದರೆ ಬ್ಯಾಂಕಿನವರು ಕ್ರೆಡಿಟ್ ಆಗಿದೆ ಎಂದು ಸಂದೇಶ ಕಳಿಸುತ್ತಾರೆ. ನೀವು ಅದನ್ನೇ ಡೆಬಿಟ್ ಎನ್ನುತ್ತೀರಿ. ಯಾವುದು ಸರಿ, ಸರ್?" ಎಂದು ಕೇಳಿದರು. ವಾಣಿಜ್ಯ ಪದವೀಧರರೇ ತುಂಬಿದ್ದ ಮುಂದಿನ ಸಾಲು ನಕ್ಕಿತು, ನಾನೂ ನಕ್ಕುಬಿಟ್ಟೆ. ಅವರು ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ನಗುವಂಥ ಪ್ರಶ್ನೆಯೇ ಆಗಿರಲಿಲ್ಲ. ನಮ್ಮ ಠೇವಣಿ ನಮ್ಮ ಪುಸ್ತಕದಲ್ಲಿ ಆಸ್ತಿ, ಬ್ಯಾಂಕಿನ ಪುಸ್ತಕದಲ್ಲಿ ನಮಗೆ ತೀರಿಸಬೇಕಾದ ಹೊಣೆ. ಆದ್ದರಿಂದ ಒಂದೇ ಹಣ ಇಲ್ಲಿ ಡೆಬಿಟ್, ಅಲ್ಲಿ ಕ್ರೆಡಿಟ್. ಪ್ರತಿ ವ್ಯವಹಾರವನ್ನೂ ಡೆಬಿಟ್ ಮತ್ತು ಕ್ರೆಡಿಟ್ ಎಂದು ಎರಡು ಕಡೆ ಬರೆಯುವ ದ್ವಿನಮೂದು ಪದ್ಧತಿಯ ತಿರುಳೇ ಅದರಲ್ಲಿದೆ. ಮುಂದಿನ ತಂಡದಿಂದ ನಾನು ಆ ಪಾಠವನ್ನು ಅವರ ಪ್ರಶ್ನೆಯಿಂದಲೇ ಆರಂಭಿಸುತ್ತಿದ್ದೇನೆ. ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್ ಎಂದು ಬಾಯಿಪಾಠ ಒಪ್ಪಿಸುವ ಎಷ್ಟೋ ವಾಣಿಜ್ಯ ಪದವೀಧರರು ಅಲ್ಲಿ ತಡವರಿಸುವುದನ್ನು ಪ್ರತಿ ಬಾರಿಯೂ ನೋಡುತ್ತೇನೆ.

ಆಮೇಲೆ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕುಳಿತೆವು. ಕಾರ್ಖಾನೆಯ ಮಾಲೀಕ, ಹಣಕಾಸು ನಿರ್ದೇಶಕ, ಲೆಕ್ಕಪರಿಶೋಧಕ ಎಲ್ಲರೂ ಗಂಡಸರು. ಮಹಿಳೆ ಕಾಣಿಸಿಕೊಂಡದ್ದು ನಗದು ಗುಮಾಸ್ತೆಯಾಗಿ, ಇಲ್ಲವೆ ಗಂಡನ ಪಾಲುದಾರಿಕೆಯ ಹಣವನ್ನು ಪಡೆಯುವ ವಿಧವೆಯಾಗಿ. ಹೆಸರುಗಳನ್ನು ಬದಲಾಯಿಸುವುದು ಒಂದು ಸಂಜೆಯ ಕೆಲಸವಾಗಿತ್ತು. (ಎಲ್ಲವನ್ನೂ ತಲೆಕೆಳಗು ಮಾಡಿ ಪ್ರತಿ ಮಹಿಳೆಯನ್ನೂ ಆದರ್ಶ ಉದ್ಯಮಿಯಾಗಿಸಿದ್ದೂ ಆಯಿತು. ಓದಿದವರಿಗೆ ಅದು ಕೃತಕವೆನಿಸಿತು, ಹಾಗಾಗಿ ಈಗ ನಮ್ಮ ಪ್ರಶ್ನೆಗಳಲ್ಲಿ ತಪ್ಪು ಲೆಕ್ಕ ಬರೆಯುವವರೂ ಎಲ್ಲ ಬಗೆಯವರಾಗಿರುತ್ತಾರೆ.) ಹೆಸರುಗಳಿಗಿಂತ ಹೆಚ್ಚು ಕಾಡಿದ್ದು ಪ್ರಶ್ನೆಗಳ ಭಾಷೆ. ಗುತ್ತಿಗೆ ಬಾಡಿಗೆಯ ವರ್ತಮಾನ ಮೌಲ್ಯವನ್ನು, ಅಂದರೆ ಮುಂದೆ ಕೊಡಬೇಕಾದ ಹಣದ ಇಂದಿನ ಬೆಲೆಯನ್ನು, ಕಂಡುಹಿಡಿಯಬೇಕಾದ ಒಂದು ಪ್ರಶ್ನೆಗೆ ಎರಡು ಪುಟಗಳ ಕಥೆಯಿತ್ತು. ಪರೀಕ್ಷೆಯ ಭಾಷೆ ಮನೆಮಾತಲ್ಲದವರು ಆ ಕಥೆಯನ್ನು ದಾಟುವಷ್ಟರಲ್ಲೇ ಅರ್ಧ ಸಮಯ ಕಳೆದಿರುತ್ತಿತ್ತು. ನಾವು ಪ್ರತಿ ವಾಕ್ಯದ ಮುಂದೆ ಒಂದೇ ಪ್ರಶ್ನೆ ಇಟ್ಟೆವು: ಇದನ್ನು ತೆಗೆದರೆ ಉತ್ತರ ಬದಲಾಗುತ್ತದೆಯೇ? ಬದಲಾಗದಿದ್ದರೆ ತೆಗೆದೆವು. ಎರಡು ಪುಟ ಮುಕ್ಕಾಲು ಪುಟವಾಯಿತು, ಲೆಕ್ಕ ಎಳ್ಳಷ್ಟೂ ಸುಲಭವಾಗಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, ಕೆಲಸಕ್ಕೆ ಸೇರಿದ ಮೇಲೆ ಇನ್ನೂರು ಪುಟಗಳ ವಾರ್ಷಿಕ ವರದಿಯನ್ನು ಇವರೇ ಓದಬೇಕಲ್ಲವೇ ಎಂದು ಆಕ್ಷೇಪಿಸಿದರು. ಅವರ ಮಾತು ಸರಿಯಾಗಿತ್ತು. ದೀರ್ಘ ವರದಿಯನ್ನು ಓದಿ ಬರೆಯುವ ಕೆಲಸವನ್ನು ಒಂದು ವಾರದ ಅವಧಿಯ ನಿಯೋಜನೆಯಾಗಿ ಬೇರೆಯಾಗಿಯೇ ಇಟ್ಟೆವು.

ಸ್ಪ್ರೆಡ್‌ಶೀಟ್‌ನ ವಿಷಯವನ್ನು ನಾನು ಪೂರ್ತಿಯಾಗಿ ಕಲಿತದ್ದು ದೃಷ್ಟಿಹೀನ ಅಭ್ಯರ್ಥಿಯೊಬ್ಬರಿಂದ. ಅವರು ಎಕ್ಸೆಲ್ ಕಡತಗಳನ್ನು, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ಮೂಲಕ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ, ಸ್ಪಷ್ಟವಾಗಿ ನಷ್ಟದಲ್ಲಿದ್ದ ಘಟಕವೊಂದನ್ನು ಲಾಭದಲ್ಲಿದೆ ಎಂದು ಬರೆದರು. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದೆ. ಅವರು ಜಗಳವಾಡಲಿಲ್ಲ, ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಲೆಕ್ಕಪತ್ರದ ರೂಢಿಯಂತೆ ನಾನು ನಷ್ಟದ ಅಂಕಿಯನ್ನು ಆವರಣ ಚಿಹ್ನೆಯೊಳಗೆ ಬರೆದಿದ್ದೆ. ಅವರ ತಂತ್ರಾಂಶದಲ್ಲಿದ್ದ ಏರ್ಪಾಡಿನಲ್ಲಿ ಆ ಚಿಹ್ನೆಯನ್ನು ಅದು ಓದುತ್ತಲೇ ಇರಲಿಲ್ಲ, ಬರೀ ಸಂಖ್ಯೆಯನ್ನು ಹೇಳಿ ಮುಂದಕ್ಕೆ ಹೋಗುತ್ತಿತ್ತು. ಅಂದಿನಿಂದ ನಮ್ಮ ಹಾಳೆಗಳಲ್ಲಿ ಋಣ ಚಿಹ್ನೆಯೇ ಇರುತ್ತದೆ, ಪಕ್ಕದ ಕಾಲಂನಲ್ಲಿ ಲಾಭ ಅಥವಾ ನಷ್ಟ ಎಂಬ ಪದವೂ ಇರುತ್ತದೆ. ಅಂದವಾಗಿ ಕಾಣಲೆಂದು ಹಲವು ಚೌಕಗಳನ್ನು ಒಂದಾಗಿ ಜೋಡಿಸುತ್ತಿದ್ದ ಮರ್ಜ್ ಸೆಲ್‌ಗಳನ್ನು ಕೈಬಿಟ್ಟೆವು. ಅವುಗಳಿಂದಾಗಿ ಯಾವ ಅಂಕಿ ಯಾವ ಶೀರ್ಷಿಕೆಯದು ಎಂಬುದೇ ಕೇಳುವವರಿಗೆ ತಪ್ಪಿಹೋಗುತ್ತಿತ್ತು. ಬಜೆಟ್ ಮೀರಿದ್ದಕ್ಕೆ ಕೆಂಪು, ಮೀರದ್ದಕ್ಕೆ ಹಸಿರು ಎಂಬ ಪದ್ಧತಿಗೂ ಇದೇ ಗತಿಯಾಯಿತು. ಉತ್ತರ ಯುರೋಪ್ ಮೂಲದ ಪುರುಷರಲ್ಲಿ ಸುಮಾರು 12 ಜನರಲ್ಲಿ ಒಬ್ಬರಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಹಾಗಿದ್ದರೂ ಆ ಎರಡು ಬಣ್ಣಗಳ ಮೇಲೆಯೇ ಇಡೀ ವೃತ್ತಿ ತನ್ನ ಎಚ್ಚರಿಕೆಗಳನ್ನು ಕಟ್ಟಿಕೊಂಡಿರುವುದು ವಿಚಿತ್ರವೇ ಸರಿ.

ಸಾಲದ ಅರ್ಜಿಗಳ ಪಾಠದಲ್ಲಿ ಒಂದು ಪ್ರಯೋಗ ಮಾಡಿದೆ. ಅದೇ ವಹಿವಾಟು, ಅದೇ ನಗದು ಹರಿವು, ಸಾಲ ತೀರಿಸುವ ಅದೇ ಸಾಮರ್ಥ್ಯ ಇರುವ ಕಡತದ ಎರಡು ಪ್ರತಿಗಳನ್ನು ಮಾಡಿ, ಅರ್ಧ ತರಗತಿಗೆ ಪುರುಷನ ಹೆಸರಿನದನ್ನೂ ಇನ್ನರ್ಧಕ್ಕೆ ಮಹಿಳೆಯ ಹೆಸರಿನದನ್ನೂ ಕೊಟ್ಟೆ. ಮಹಿಳೆಯ ಕಡತ ಸಿಕ್ಕ ಕೆಲವು ಗುಂಪುಗಳು ಗಂಡನ ಆದಾಯವೆಷ್ಟು, ಜಾಮೀನಿಗೆ ಯಾರಿದ್ದಾರೆ ಎಂಬ ಟಿಪ್ಪಣಿ ಬರೆದಿದ್ದವು. ಆ ಗುಂಪುಗಳಲ್ಲಿ ಮಹಿಳೆಯರೂ ಇದ್ದರು. ಇದನ್ನು ಸಂಶೋಧನೆ ಎನ್ನಲಾರೆ, ಗುಂಪು ಚಿಕ್ಕದು. ಆದರೆ ಎರಡೂ ಕಡತಗಳನ್ನು ಅಕ್ಕಪಕ್ಕ ಪರದೆಯ ಮೇಲೆ ತೋರಿಸಿದಾಗ ತರಗತಿ ತಣ್ಣಗಾಯಿತು. ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದ ಮೇಲೆ ಸಾಲದಲ್ಲಿ ಭೇದ ಮಾಡಬಾರದೆಂದು ಅಮೆರಿಕದಲ್ಲಿ 1974ರಲ್ಲಿ ಈಕ್ವಲ್ ಕ್ರೆಡಿಟ್ ಆಪರ್ಚುನಿಟಿ ಆ್ಯಕ್ಟ್ ಬಂದದ್ದೇಕೆ ಎಂಬುದನ್ನು ನಾನು ಆ ದಿನ ವಿವರಿಸಬೇಕಾಗಲಿಲ್ಲ.

ನಮಗೆ ಅತ್ಯಂತ ಕಷ್ಟವಾದದ್ದು ಪ್ರಾಯೋಗಿಕ ತರಬೇತಿಗೆ ಅಭ್ಯರ್ಥಿಗಳನ್ನು ಹಂಚುವ ಕೆಲಸ. ಈ ವೃತ್ತಿಯಲ್ಲಿ ಪರೀಕ್ಷೆ ಒಂದು ಬಾಗಿಲಾದರೆ ಯಾರದಾದರೂ ಕೈಕೆಳಗೆ ದುಡಿದ ಅನುಭವ ಎರಡನೆಯ ಬಾಗಿಲು, ಮತ್ತು ಇತಿಹಾಸದಲ್ಲಿ ಹೆಚ್ಚು ಜನ ಹೊರಗುಳಿದದ್ದು ಎರಡನೆಯದರಲ್ಲಿ. ಜಾನ್ ಕ್ರಾಮ್‌ವೆಲ್ 1921ರಲ್ಲಿ ಅಮೆರಿಕದ ಮೊದಲ ಕಪ್ಪು ವರ್ಣೀಯ ಸಿಪಿಎ (ಅಲ್ಲಿನ ಪರವಾನಗಿ ಪಡೆದ ಲೆಕ್ಕಿಗ) ಆಗಬೇಕಾದರೆ, ಅಂಥ ಅನುಭವವನ್ನು ಕೇಳದ ನ್ಯೂ ಹ್ಯಾಂಪ್‌ಷೈರ್ ರಾಜ್ಯಕ್ಕೆ ಹೋಗಿ ಪರೀಕ್ಷೆ ಬರೆಯಬೇಕಾಯಿತು, ಏಕೆಂದರೆ ಅವರನ್ನು ಕೈಕೆಳಗೆ ಸೇರಿಸಿಕೊಳ್ಳುವ ಲೆಕ್ಕಿಗರು ಸಿಕ್ಕಿರಲಿಲ್ಲ. ಇಂಗ್ಲೆಂಡಿನಲ್ಲಿ ಮೇರಿ ಹ್ಯಾರಿಸ್ ಸ್ಮಿತ್ ಸ್ವಂತ ಕಚೇರಿ ನಡೆಸುತ್ತಿದ್ದರೂ ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆ 1891ರಲ್ಲಿ ಅವರ ಅರ್ಜಿಯನ್ನು ತಿರಸ್ಕರಿಸಿತ್ತು. 1920ರಲ್ಲಿ ಸದಸ್ಯತ್ವ ಸಿಕ್ಕಾಗ ಅವರಿಗೆ 75 ವರ್ಷ. ನಮ್ಮಲ್ಲಿ ಯಾರೂ ಯಾರನ್ನೂ ತಿರಸ್ಕರಿಸುತ್ತಿರಲಿಲ್ಲ ನಿಜ. ಆದರೆ ಸಂಸ್ಥೆಗಳು ದೂರವಾಣಿಯಲ್ಲಿ "ಒಬ್ಬ ಒಳ್ಳೆಯ ಹುಡುಗನನ್ನು ಕಳಿಸಿ" ಎಂದು ಕೇಳುತ್ತಿದ್ದವು, ನಾವು ನೆನಪಿಗೆ ಬಂದವನನ್ನು ಕಳಿಸುತ್ತಿದ್ದೆವು. ನೆನಪಿಗೆ ಬರುತ್ತಿದ್ದವನು ಮುಂದಿನ ಸಾಲಿನವನು. ಈಗ ಖಾಲಿ ಇರುವ ಪ್ರತಿ ಜಾಗವನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತೇವೆ, ಅರ್ಜಿಯ ಜೊತೆಗಿನ ಲೆಕ್ಕದ ಕೆಲಸವನ್ನು ಹೆಸರಿಲ್ಲದೆ ಬರೀ ಸಂಖ್ಯೆಯಿಂದ ಗುರುತಿಸಿ ತಿದ್ದುತ್ತೇವೆ. ದೂರವಾಣಿಯಲ್ಲಿ ಕೇಳುವವರು ಇನ್ನೂ ಇದ್ದಾರೆ. ಅವರಲ್ಲಿ ಇಬ್ಬರು ಬೇಸರಗೊಂಡು ನಮ್ಮಲ್ಲಿಂದ ಜನರನ್ನು ಕರೆಯುವುದನ್ನೇ ನಿಲ್ಲಿಸಿದರು, ಆ ಜಾಗಗಳನ್ನು ನಾವು ಮತ್ತೆ ತುಂಬಿಕೊಂಡಿಲ್ಲ.

ಸಂಜೆ ಬರುವ ಉದ್ಯೋಗಸ್ಥರಿಗಾಗಿ ಪಾಠಗಳನ್ನು ಧ್ವನಿಮುದ್ರಿಸಿದ್ದು, ಪರೀಕ್ಷೆಯ ದಿನಾಂಕಗಳನ್ನು ತಿಂಗಳ ಮೊದಲೇ ತಿಳಿಸಿದ್ದು ಸಣ್ಣ ಕೆಲಸಗಳು, ಅವನ್ನು ವಿವರಿಸುವ ಅಗತ್ಯವಿಲ್ಲ. ಹಿರಿಯರನ್ನು ಹೊಸಬರಿಗೆ ಮಾರ್ಗದರ್ಶಿಗಳಾಗಿ ಜೋಡಿಸಿದ ಯೋಜನೆ ಮಾತ್ರ ಸೋತಿತು. ಎರಡು ಭೇಟಿಗಳ ನಂತರ ಯಾರಿಗೂ ಸಮಯ ಸಿಗಲಿಲ್ಲ.

ಇಯರ್‌ಫೋನ್ ಕೊಟ್ಟ ಆ ಅಭ್ಯರ್ಥಿ ಈಗ ಬೇರೆಡೆ ವಿಶ್ಲೇಷಕರಾಗಿದ್ದಾರೆ. ಪ್ರತಿ ಹೊಸ ತಂಡ ಆರಂಭವಾಗುವ ಮುನ್ನ ನಮ್ಮ ಕಡತಗಳನ್ನು ಅವರಿಗೆ ಕಳಿಸಿ, ಸಂಭಾವನೆ ಕೊಟ್ಟು ಪರಿಶೀಲಿಸಿಕೊಳ್ಳುತ್ತೇವೆ. ಕಳೆದ ಬಾರಿ ಮೂರು ಕಡತಗಳು ಹಿಂದಿರುಗಿ ಬಂದವು. ಎರಡರಲ್ಲಿ ಮರ್ಜ್ ಸೆಲ್ ಉಳಿದಿತ್ತು, ಒಂದರಲ್ಲಿ ನಷ್ಟ ಆವರಣ ಚಿಹ್ನೆಯೊಳಗಿತ್ತು. ಆ ಒಂದನ್ನು ಸಿದ್ಧಪಡಿಸಿದವನು ನಾನು.